ಇಮ್ಲಿಯ ಲಸಿಕೆ ಕಾರ್ಡು

ಸುದ್ದಿಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಕನ್ನಡ ಮೇಡಂ ಕ್ಲಾಸಿನಲ್ಲಿ ಕೇಳಿದಾಗ ನಾವೆಲ್ಲ ತಲೆ ಬಗ್ಗಿಸಿ ಕೂತೆವು. ಕಾಮರ್ಸ್‌ನವರು ಬರೆಯುವುದೇ ಇಲ್ಲ, ಪ್ರತಿ ಸಲ ಆರ್ಟ್ಸ್ ಮತ್ತು ಸೈನ್ಸ್‌ನವರೇ ಬರೆಯುತ್ತಾರೆ ಎಂದು ಮೇಡಂ ಬೇಸರಪಟ್ಟರು. "ದೊಡ್ಡ ವಿಷಯ ಬೇಡ, ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಬರೆಯಿರಿ" ಅಂದರು. ನಮ್ಮ ಮನೆಯಲ್ಲಿ ಈ ವರ್ಷ ನಡೆದದ್ದು ಎರಡು ಬೆಕ್ಕಿನ ಮರಿಗಳ ವಿಷಯ. ಒಂದು ಈಗ ಇಲ್ಲ. ಇನ್ನೊಂದು, ನಾನು ಇದನ್ನು ಬರೆಯುತ್ತಿರುವಾಗ, ನನ್ನ ಅಕೌಂಟೆನ್ಸಿ ಪುಸ್ತಕದ ಮೇಲೆ ಮಲಗಿದೆ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಮಾತು ಉರ್ದು. ಕನ್ನಡ ನನಗೆ ಶಾಲೆಯಿಂದ ಮತ್ತು ಬೀದಿಯಿಂದ ಬಂದದ್ದು. ಉರ್ದುವಿನಲ್ಲಿ ಲಸಿಕೆಗೆ 'ಟೀಕಾ' ಅನ್ನುತ್ತೇವೆ. ಐದನೇ ಕ್ಲಾಸಿನಲ್ಲಿ ಓದುವ ನನ್ನ ತಮ್ಮ ಮುನ್ನಾ ಅವನ ಟೀಚರಿಗೆ ಹೋಗಿ, "ಮಿಸ್, ನಿನ್ನೆ ನಮ್ಮ ಬೆಕ್ಕಿಗೆ ಟೀಕೆ ಮಾಡಿಸಿದೆವು" ಎಂದನಂತೆ. "ಪಾಪ, ಬೆಕ್ಕು ಏನು ತಪ್ಪು ಮಾಡಿತ್ತು?" ಎಂದು ಟೀಚರು ಕೇಳಿದರಂತೆ. ತಪ್ಪು ಮಾಡಿದ್ದು ಬೆಕ್ಕಲ್ಲ, ನಾನು. ಆ ತಪ್ಪನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಭಟ್ಟಿ ಎಂದರೆ ಏನು ಎಂದು ದಾವಣಗೆರೆಯವರಿಗೆ ಯಾರೂ ಹೇಳಬೇಕಾಗಿಲ್ಲ. ಭತ್ತದ ಮೂಟೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಜೂನ್ ತಿಂಗಳಲ್ಲಿ ಅಲ್ಲಿ ಮರಿ ಹಾಕಿದ್ದ ಒಂದು ಬೆಕ್ಕು ಎರಡು ದಿನ ವಾಪಸ್ ಬರಲಿಲ್ಲ. ಉಳಿದಿದ್ದ ಒಂದೇ ಒಂದು ಬಿಳಿ ಮರಿಯನ್ನು ಅಬ್ಬಾ ಬುತ್ತಿ ಚೀಲದಲ್ಲಿ ಹಾಕಿಕೊಂಡು ಬಂದರು. "ಎರಡು ದಿನ ಇರಲಿ, ಆಮೇಲೆ ನೋಡೋಣ" ಅಂದರು. ಆ ಎರಡು ದಿನ ಎರಡು ತಿಂಗಳಾಯಿತು. ನಾವು ಅದಕ್ಕೆ ಮೋತಿ ಎಂದು ಹೆಸರಿಟ್ಟೆವು.

ಮೋತಿಯ ಹೊಟ್ಟೆ ಉಬ್ಬಿತ್ತು. ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋದೆ. ಡಾಕ್ಟರ್ ಮೇಡಂ ತೂಕ ನೋಡಿ ಜಂತುಹುಳದ ಔಷಧಿ ಬರೆದುಕೊಟ್ಟರು. "ಎರಡು ವಾರ ಬಿಟ್ಟು ಬಾಮ್ಮಾ. ಅಷ್ಟೊತ್ತಿಗೆ ಎಂಟು ವಾರ ತುಂಬುತ್ತೆ, ಲಸಿಕೆ ಹಾಕಿಸಬೇಕು" ಎಂದರು. ಬೆಕ್ಕಿನ ಲಸಿಕೆಯನ್ನು ಹೊರಗೆ ಮೆಡಿಕಲ್ ಶಾಪಿನಿಂದ ತರಬೇಕು, ಏಳು ನೂರು ಚಿಲ್ಲರೆ ಆಗುತ್ತದೆ ಎಂದೂ ಹೇಳಿದರು.

ನನ್ನ ಬಳಿ ಹಬ್ಬದ ಈದಿ ಹಣ ಸಾವಿರದ ಐನೂರು ಇತ್ತು. ಅದರಲ್ಲೇ ಹಾಕಿಸುತ್ತೇನೆ ಎಂದುಕೊಂಡಿದ್ದೆ. ಆಗಲೇ ನಮ್ಮ ಚಾಚಾನ ಮಗಳ ಮದುವೆ ಬಂತು. ಬಳೆ ತೆಗೆದುಕೊಂಡೆ, ಹೊಸ ಚಪ್ಪಲಿ ತೆಗೆದುಕೊಂಡೆ. ಮೋತಿ ಮನೆಯೊಳಗೇ ಇರುವ ಮರಿ, ಹೊರಗೆ ಹೋಗುವುದಿಲ್ಲ, ಅದಕ್ಕೆ ಯಾವ ರೋಗ ಬರುತ್ತದೆ, ಮುಂದಿನ ತಿಂಗಳು ಹಾಕಿಸಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಂದಿನ ತಿಂಗಳು ಕಿರುಪರೀಕ್ಷೆ ಇತ್ತು. ಹಾಗೆ ದಿನ ಹೋದವು.

ಆಗಸ್ಟ್ ತಿಂಗಳ ಒಂದು ಸೋಮವಾರ ಮೋತಿ ಊಟ ಬಿಟ್ಟಿತು. ಮಂಗಳವಾರ ಹಳದಿ ವಾಂತಿ ಶುರುವಾಯಿತು. ನೀರಿನ ಬಟ್ಟಲಿನ ಮುಂದೆ ತಲೆ ಇಳಿಬಿಟ್ಟುಕೊಂಡು ಕೂರುತ್ತಿತ್ತು, ಆದರೆ ಕುಡಿಯುತ್ತಿರಲಿಲ್ಲ. ಮೈ ಸುಡುತ್ತಿತ್ತು. ಜ್ವರದ ಮಾತ್ರೆ ಕಾಲು ಭಾಗ ಪುಡಿ ಮಾಡಿ ಕೊಡೋಣವೇ ಎಂದು ಅಮ್ಮಿ ಕೇಳಿದರು. ಪುಣ್ಯಕ್ಕೆ ನಾವು ಕೊಡಲಿಲ್ಲ. ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಒಂದು ಮಾತ್ರೆಯೇ ಬೆಕ್ಕನ್ನು ಕೊಲ್ಲಬಹುದು ಎಂದು ಆಮೇಲೆ ಗೊತ್ತಾಯಿತು. ಇದನ್ನು ಓದುತ್ತಿರುವವರು ಬೇರೇನನ್ನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ.

ರಾತ್ರಿ ಆಟೋ ಮಾಡಿಕೊಂಡು ಒಂದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಮೋತಿಯನ್ನು ನೋಡುತ್ತಲೇ ಕೇಳಿದ ಮೊದಲ ಪ್ರಶ್ನೆ: "ಲಸಿಕೆ ಹಾಕಿಸಿದ್ದೀರಾ?" ನಾನು ನೆಲ ನೋಡಿದೆ. ನನ್ನ ಕಾಲಲ್ಲಿ ಹೊಸ ಚಪ್ಪಲಿ ಇತ್ತು.

ರೋಗದ ಹೆಸರು ಪ್ಯಾನ್‌ಲ್ಯುಕೋಪೇನಿಯಾ. ನಾಯಿಮರಿಗಳಿಗೆ ಬರುವ ಪಾರ್ವೋ ರೋಗದ ವೈರಸ್ಸಿಗೆ ಇದರ ವೈರಸ್ಸು ಹತ್ತಿರದ ಸಂಬಂಧಿ. ಇದು ಕರುಳನ್ನು ಕೆಡಿಸುತ್ತದೆ, ರಕ್ತದಲ್ಲಿ ರೋಗದೊಡನೆ ಹೋರಾಡುವ ಬಿಳಿ ಕಣಗಳನ್ನೇ ಕಡಿಮೆ ಮಾಡುತ್ತದೆ. ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧಿ ಇಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಮರಿಯ ಮೈಯೇ ಗೆಲ್ಲಲಿ ಎಂದು ಕಾಯಬೇಕು. ಚಿಕ್ಕ ಮರಿಗಳಲ್ಲಿ ಹೆಚ್ಚಿನವು ಗೆಲ್ಲುವುದಿಲ್ಲ. "ಹೊರಗೆ ಬಿಟ್ಟೇ ಇಲ್ಲವಲ್ಲ ಡಾಕ್ಟ್ರೇ" ಎಂದು ಅಮ್ಮಿ ಕೇಳಿದರು. ಬೆಕ್ಕು ಹೊರಗೆ ಹೋಗಬೇಕಾಗಿಲ್ಲ, ನಮ್ಮ ಚಪ್ಪಲಿ, ಬಟ್ಟೆ, ಕೈಗೆ ಅಂಟಿಕೊಂಡೇ ವೈರಸ್ಸು ಒಳಗೆ ಬರುತ್ತದೆ ಎಂದು ಅವರು ಹೇಳಿದರು. ಅಬ್ಬಾ ದಿನವೂ ಭಟ್ಟಿಯ ಬೆಕ್ಕುಗಳ ನಡುವೆ ಓಡಾಡಿ ಬರುವವರು. ಅವರು ಒಂದು ಮಾತೂ ಆಡಲಿಲ್ಲ.

ಗುರುವಾರ ಫಜರ್ ಅಜಾನಿಗೆ ಎದ್ದಾಗ ಮೋತಿ ತಣ್ಣಗಾಗಿತ್ತು. ಹಿತ್ತಲಿನ ನುಗ್ಗೆ ಮರದ ಕೆಳಗೆ ಅಬ್ಬಾ ಗುಂಡಿ ತೋಡಿದರು. ಮುನ್ನಾ ಅಂದು ಶಾಲೆಗೆ ಹೋಗಲಿಲ್ಲ. ನಾನು ಕಾಲೇಜಿಗೆ ಬಂದೆ, ಆದರೆ ಅಂದು ಯಾವ ಪಾಠ ನಡೆಯಿತು ಎಂದು ಈಗಲೂ ನೆನಪಿಲ್ಲ.

ಬೆಕ್ಕನ್ನು ಕಟ್ಟಿಹಾಕಿ ಅನ್ನ ನೀರು ಕೊಡದೆ ಸಾಯಿಸಿದ ಹೆಂಗಸಿಗೆ ಶಿಕ್ಷೆಯಾದ ಹದೀಸನ್ನು ನಮ್ಮ ದಾದಿ ಚಿಕ್ಕಂದಿನಿಂದ ನಮಗೆ ಹೇಳುತ್ತಾ ಬಂದಿದ್ದಾರೆ. ಅದನ್ನು ಕೇಳಿದಾಗೆಲ್ಲ, ನಾನಂತೂ ಬೆಕ್ಕಿಗೆ ಹೊಟ್ಟೆ ತುಂಬಾ ಹಾಕುತ್ತೇನೆ, ನಾನು ಅವಳಂತಲ್ಲ ಎಂದು ಅನಿಸುತ್ತಿತ್ತು. ಮೋತಿ ಹೋದ ಮೇಲೆ ಅಷ್ಟು ಸುಲಭವಾಗಿ ಹಾಗೆ ಅನಿಸಲಿಲ್ಲ. ಒಂದು ಪ್ರಾಣಿಯನ್ನು ನಮ್ಮ ಬಾಗಿಲೊಳಗೆ ಇಟ್ಟುಕೊಂಡರೆ, ಅದು ತನಗೆ ತಾನೇ ಮಾಡಿಕೊಳ್ಳಲಾಗದ್ದನ್ನೆಲ್ಲ ನಾವೇ ಮಾಡಬೇಕು. ಊಟ ಅದರಲ್ಲಿ ಒಂದು ಮಾತ್ರ.

ಈ ವೈರಸ್ಸು ಮನೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿಯಬಲ್ಲದು, ಸಾಮಾನ್ಯ ಫಿನಾಯಿಲಿಗೆ ಬಗ್ಗುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಮೋತಿ ಮಲಗುತ್ತಿದ್ದ ಗೋಣಿಚೀಲ ಸುಟ್ಟೆವು, ಬಟ್ಟಲು ಎಸೆದೆವು, ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ನೆಲ ತೊಳೆದೆವು. ಇನ್ನು ಮುಂದೆ ಬೆಕ್ಕು ಬೇಡ ಎಂದು ಮನೆಯವರೆಲ್ಲ ತೀರ್ಮಾನಿಸಿದೆವು.

ಡಿಸೆಂಬರಿನಲ್ಲಿ ಆ ತೀರ್ಮಾನ ಮುರಿಯಿತು. ಹರಿಹರದಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುವ ನನ್ನ ಗೆಳತಿಯ ಮನೆಯ ಬೆಕ್ಕು ನಾಲ್ಕು ಮರಿ ಹಾಕಿತ್ತು. ಮೂರಕ್ಕೆ ಮನೆ ಸಿಕ್ಕಿತ್ತು. ನಾಲ್ಕನೆಯದು ಹುಣಸೆಹಣ್ಣಿನ ಬಣ್ಣದ ಹೆಣ್ಣು ಮರಿ. ಗೆಳತಿ ಮೊಬೈಲಿನಲ್ಲಿ ತೋರಿಸಿದಾಗಲೇ ಮುನ್ನಾ ಹೆಸರಿಟ್ಟುಬಿಟ್ಟ: ಇಮ್ಲಿ. ಹೆಸರಿಟ್ಟ ಮೇಲೆ ಬೇಡ ಎನ್ನುವುದು ಕಷ್ಟ.

ಈ ಸಲ ನಾನು ಮೊದಲು ಆಸ್ಪತ್ರೆಗೆ ಹೋದೆ, ಬೆಕ್ಕಿಲ್ಲದೆ, ಒಬ್ಬಳೇ. ನಡೆದದ್ದನ್ನೆಲ್ಲ ಡಾಕ್ಟರ್ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಟ್ಟರು: ಎಂಟನೇ ವಾರ ಮೊದಲ ಡೋಸ್, ಹನ್ನೆರಡನೇ ವಾರ ಎರಡನೆಯದು, ಅದರ ಜೊತೆಗೇ ರೇಬೀಸ್. "ನಿಮ್ಮ ಮನೆಯಲ್ಲಿ ಒಂದು ಸಲ ರೋಗ ಬಂದಿದೆ, ಅದಕ್ಕೇ ಹದಿನಾರನೇ ವಾರ ಇನ್ನೊಂದು ಹಾಕೋಣ" ಅಂದರು. ಮೊದಲ ಡೋಸ್ ಆಗಿ ಎರಡು ವಾರ ಆಗುವವರೆಗೂ ಮರಿ ಹರಿಹರದಲ್ಲೇ ಇರಲಿ, ನಿಮ್ಮ ಮನೆಗೆ ತರಬೇಡಿ ಎಂದೂ ಹೇಳಿದರು.

ಹಣದ ಮಾತು ಬಂದಾಗ ಅಬ್ಬಾ ಒಪ್ಪಲಿಲ್ಲ. "ಇಷ್ಟು ದುಡ್ಡಿನಲ್ಲಿ ಭಟ್ಟಿಯ ಹತ್ತು ಬೆಕ್ಕಿಗೆ ಮೀನು ಹಾಕಬಹುದು" ಅಂದರು. ದಾದಿಯೂ ಅವರ ಕಡೆಗೇ ಇದ್ದರು. "ಬಿಲ್ಲಿಕು ಭೀ ಟೀಕಾ? ಕಾಯ್ಕು ಬೇಟಾ?" ಎಂದು ನಕ್ಕರು. ನಾನು ಜಗಳ ಮಾಡಲಿಲ್ಲ. ದಾದಿಯ ಪಕ್ಕ ಕೂತು, ಅವರ ಬಲಗೈ ತೋಳಿನ ಮೇಲಿರುವ ಎರಡು ದುಂಡನೆಯ ಕಲೆಗಳನ್ನು ಮುಟ್ಟಿ, "ಇದು ಏನು ದಾದಿ?" ಎಂದು ಕೇಳಿದೆ. ಚಿಕ್ಕವಳಿದ್ದಾಗ ಎಷ್ಟೋ ಸಲ ಕೇಳಿದ್ದೆ, ಪ್ರತಿ ಸಲ ಟೀಕಾ ಎಂದಷ್ಟೇ ಹೇಳುತ್ತಿದ್ದರು. ಅಂದು ಪೂರ್ತಿ ಹೇಳಿದರು. ಅವರ ಹಳ್ಳಿಗೆ ಚೇಚಕ್, ಅಂದರೆ ಸಿಡುಬು, ಬಂದಾಗ ಅವರಿಗೆ ಐದಾರು ವರ್ಷ. ಸೂಜಿ ಹಾಕುವವರು ಬಂದಾಗ ದಾದಿಯ ಅಕ್ಕ ಹೆದರಿ ಹುಲ್ಲಿನ ಬಣವೆಯ ಹಿಂದೆ ಅಡಗಿಕೊಂಡಳಂತೆ. ಮನೆಯವರೂ ಹುಡುಕಲಿಲ್ಲವಂತೆ. ಆ ಅಕ್ಕ ಆ ಬೇಸಿಗೆ ದಾಟಲಿಲ್ಲ. ದಾದಿಗೆ ಅಕ್ಕ ಒಬ್ಬರಿದ್ದರು ಎಂಬುದೇ ನನಗೆ ಅಂದಿನವರೆಗೂ ಗೊತ್ತಿರಲಿಲ್ಲ.

ಸಿಡುಬು ಈಗ ಎಲ್ಲೂ ಇಲ್ಲ. ನಮ್ಮ ದೇಶದಲ್ಲಿ 1975ರ ನಂತರ ಅದು ಕಾಣಿಸಿಕೊಂಡಿಲ್ಲ, 1980ರಲ್ಲಿ ಇಡೀ ಪ್ರಪಂಚವೇ ಅದರಿಂದ ಮುಕ್ತವಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ನನ್ನ ತೋಳಿನ ಮೇಲೆ ಸಿಡುಬಿನ ಲಸಿಕೆಯ ಕಲೆ ಇಲ್ಲದಿರುವುದಕ್ಕೆ ಕಾರಣ ದಾದಿಯ ಕಾಲದವರ ತೋಳಿನ ಮೇಲೆ ಆ ಕಲೆ ಇರುವುದು. ದಾದಿ ಸೆರಗಿನ ಗಂಟು ಬಿಚ್ಚಿ ಐನೂರರ ಒಂದು ನೋಟು ಕೊಟ್ಟರು. "ಲೇಕೋ ಜಾ" ಅಂದರು, ತೆಗೆದುಕೊಂಡು ಹೋಗು ಎಂದು. ಅಬ್ಬಾ ಆಮೇಲೆ ಮಾತಾಡಲಿಲ್ಲ.

ಲಸಿಕೆ ತರುವುದೇ ಒಂದು ಕೆಲಸ. ಅದನ್ನು ಫ್ರಿಜ್ಜಿನ ತಣ್ಣನೆಯಲ್ಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡಬೇಕು. ಬಿಸಿಲಿನಲ್ಲಿ ಕೈಯಲ್ಲಿ ಹಿಡಿದುಕೊಂಡು ಬಂದರೆ ಬರೀ ನೀರು ಚುಚ್ಚಿಸಿದಂತೆ. ಅಮ್ಮಿಯ ಚಹಾ ಫ್ಲಾಸ್ಕಿನಲ್ಲಿ ಐಸ್ ಹಾಕಿ, ಶೀಶೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಇಟ್ಟುಕೊಂಡು ಹೋದೆ. ಗೆಳತಿ ಮತ್ತು ಅವಳ ಅಮ್ಮ ಹರಿಹರದಿಂದ ಬುಟ್ಟಿಯಲ್ಲಿ ಇಮ್ಲಿಯನ್ನು ತಂದಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೂಗಿತಂತೆ. ಕಂಡಕ್ಟರು ಟಿಕೆಟ್ ಕೇಳಲಿಲ್ಲವಂತೆ.

ಪಶು ಆಸ್ಪತ್ರೆಯಲ್ಲಿ ನಮ್ಮ ಮುಂದೆ ಎರಡು ಹಸು, ಒಂದು ಎಮ್ಮೆ ಕರು, ಆರು ಮೇಕೆ ಇದ್ದವು. ಹಸು ಹಿಡಿದುಕೊಂಡಿದ್ದ ಅಜ್ಜ ಬುಟ್ಟಿಯೊಳಗೆ ಇಣುಕಿ, "ಬೆಕ್ಕಿಗೂ ಸೂಜಿ ಹಾಕ್ತಾರೇನವ್ವಾ?" ಎಂದರು. ಹೌದು ಅಜ್ಜಾರೇ ಎಂದೆ. ನಗುತ್ತಾರೆ ಎಂದುಕೊಂಡೆ. ಅವರು ನಗಲಿಲ್ಲ. "ಹಾಕ್ಸವ್ವಾ. ಚರ್ಮಗಂಟು ರೋಗ ಬಂದಾಗ ನಾನು ತಡ ಮಾಡಿ ಒಂದು ಎತ್ತು ಕಳಕಂಡೆ. ಪಕ್ಕದ ಮನ್ಯಾತ ಮುಂಚೇನೆ ಹಾಕ್ಸಿದ್ದ, ಅವನ ದನ ಉಳಕಂಡ್ವು" ಎಂದರು. 2022ರಲ್ಲಿ ಆ ರೋಗ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಎಷ್ಟು ದನ ಕೊಂದಿತು ಎಂದು ನಾವು ಆಗ ಪೇಪರಿನಲ್ಲಿ ಓದಿದ್ದೆವು. ಆಗ ದನಗಳಿಗೆ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ ಎಂದು ಡಾಕ್ಟರ್ ಮೇಡಂ ಹೇಳಿದರು. ಎರಡೂ ವೈರಸ್ಸುಗಳು ಒಂದೇ ಕುಟುಂಬದವು, ಹಾಗಾಗಿ ಒಂದರ ಲಸಿಕೆ ಇನ್ನೊಂದನ್ನೂ ತಡೆಯುತ್ತದಂತೆ.

ಮೇಡಂ ಇಮ್ಲಿಯನ್ನು ತೂಕ ಮಾಡಿದರು: 780 ಗ್ರಾಂ. ಜ್ವರ ನೋಡಿದರು, ಕಣ್ಣು, ಕಿವಿ, ಒಸಡು ನೋಡಿದರು. ಆರೋಗ್ಯವಾಗಿರುವ ಮರಿಗೆ ಮಾತ್ರ ಲಸಿಕೆ ಹಾಕಬೇಕು. ಜ್ವರ ಅಥವಾ ಭೇದಿ ಇದ್ದರೆ ಮೊದಲು ಅದು ವಾಸಿಯಾಗಬೇಕು. ಶೀಶೆಯಲ್ಲಿ ಪುಡಿಯಂತೆ ಒಣಗಿದ್ದ ಲಸಿಕೆಗೆ ಇನ್ನೊಂದು ಶೀಶೆಯ ದ್ರವ ಬೆರೆಸಿ, ಇಮ್ಲಿಯ ಚರ್ಮ ಸ್ವಲ್ಪ ಎತ್ತಿ ಹಿಡಿದು ಚುಚ್ಚಿದರು. ಇಮ್ಲಿ ಒಂದೇ ಸಲ ಮ್ಯಾಂವ್ ಎಂದಿತು. ನನ್ನ ಕಣ್ಣಲ್ಲಿ ನೀರು ಬಂತು. "ಸೂಜಿ ಬೆಕ್ಕಿಗೆ, ಅಳೋದು ನೀನು" ಎಂದು ಗೆಳತಿ ಕೈ ಹಿಡಿದುಕೊಂಡಳು.

ಒಂದೇ ಲಸಿಕೆಯನ್ನು ಮತ್ತೆ ಮತ್ತೆ ಏಕೆ ಹಾಕಬೇಕು ಎಂದು ನಾನು ಕೇಳಿದೆ. ಮೇಡಂ ಹಸುವಿನ ಅಜ್ಜನಿಗೂ ಕೇಳಿಸುವಂತೆ ಹೇಳಿದರು: "ಗಿಣ್ಣು ಹಾಲು ಗೊತ್ತಲ್ಲ? ತಾಯಿಯ ಮೊದಲ ಹಾಲು. ಅದರ ಮೂಲಕ ತಾಯಿಯ ರೋಗ ನಿರೋಧಕ ಶಕ್ತಿ ಮರಿಗೆ ಸಿಗುತ್ತೆ. ಕೆಲವು ವಾರ ಅದೇ ಮರಿಯನ್ನು ಕಾಯುತ್ತೆ. ಆದರೆ ಅದು ಇರೋವರೆಗೂ ಲಸಿಕೆಗೆ ಕೆಲಸ ಮಾಡೋಕೆ ಬಿಡಲ್ಲ. ಒಂದೊಂದು ಮರಿಯಲ್ಲಿ ಅದು ಒಂದೊಂದು ಸಮಯಕ್ಕೆ ಕಡಿಮೆಯಾಗುತ್ತೆ. ಯಾವತ್ತು ಅಂತ ನೋಡಿದರೆ ಗೊತ್ತಾಗಲ್ಲ. ಅದಕ್ಕೇ ಮೂರು ನಾಲ್ಕು ವಾರಕ್ಕೊಂದು ಸಲ ಹಾಕ್ತಾ ಹೋಗೋದು." ಮೊದಲ ಡೋಸ್ ಹಾಕಿಸಿ ಎರಡನೆಯದನ್ನು ಬಿಡುವವರೇ ಹೆಚ್ಚು ಎಂದೂ ಹೇಳಿದರು.

ಈ ಲಸಿಕೆ ಮೂರು ರೋಗಗಳಿಗೆ. ಒಂದು ಮೋತಿಯನ್ನು ಕೊಂದದ್ದು. ಇನ್ನೆರಡು ಬೆಕ್ಕಿನ ನೆಗಡಿ, ಕಣ್ಣುನೋವು, ಬಾಯಿಹುಣ್ಣು ತರುವ ವೈರಸ್ಸುಗಳು. ಚುಚ್ಚಿಸಿದ ಮೇಲೆ ಇಪ್ಪತ್ತು ನಿಮಿಷ ಅಲ್ಲೇ ಕೂರಿಸಿದರು. ಒಂದೆರಡು ದಿನ ಮಂಕಾಗಿರುವುದು, ಚುಚ್ಚಿದ ಜಾಗ ಸ್ವಲ್ಪ ಗಂಟಾಗುವುದು ಸಹಜ. ಮುಖ ಊದಿದರೆ, ಉಸಿರಾಟಕ್ಕೆ ತೊಂದರೆಯಾದರೆ, ಮತ್ತೆ ಮತ್ತೆ ವಾಂತಿಯಾದರೆ ಕೂಡಲೇ ವಾಪಸ್ ತರಬೇಕು. ಶೀಶೆಯ ಮೇಲಿದ್ದ ಚೀಟಿಯನ್ನು ಕಿತ್ತು ಒಂದು ಹಸಿರು ಕಾರ್ಡಿಗೆ ಅಂಟಿಸಿ, ತಾರೀಕು ಬರೆದು, ಸಹಿ ಹಾಕಿದರು. ಹೆಸರು ಎಂಬ ಜಾಗದಲ್ಲಿ 'ಇಮ್ಲಿ' ಎಂದು ನಾನೇ ಬರೆದೆ.

ಎರಡನೇ ಡೋಸಿಗೆ ನನ್ನ ಜೊತೆ ಬಂದದ್ದು ಅಬ್ಬಾ. ಅದಕ್ಕೆ ಕಾರಣ ಇದೆ. ಜನವರಿಯಲ್ಲಿ ಭಟ್ಟಿಯ ಒಬ್ಬ ಚಾಚಾಗೆ ಬೀದಿನಾಯಿ ಕಚ್ಚಿತು. ಅವರು ಗಾಯಕ್ಕೆ ಸುಣ್ಣ ಹಚ್ಚಿಕೊಂಡು ಕೆಲಸಕ್ಕೆ ಕೂತಿದ್ದರು. ಹಿಂದಿನ ಕಾಲದಂತೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕುತ್ತಾರೆ ಎಂಬ ಹೆದರಿಕೆ ಅವರಿಗೆ. ಅಬ್ಬಾ ಬೈದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಈಗ ಹೊಟ್ಟೆಗೆ ಚುಚ್ಚುವುದಿಲ್ಲ, ತೋಳಿಗೆ ಕೆಲವೇ ಡೋಸ್. ಕಚ್ಚಿದ ಕೂಡಲೇ ಮಾಡಬೇಕಾದದ್ದು ಸುಣ್ಣವೂ ಅಲ್ಲ, ಅರಿಶಿನವೂ ಅಲ್ಲ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯುವುದು, ಆಮೇಲೆ ತಡಮಾಡದೆ ಆಸ್ಪತ್ರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ನಾಯಿಯಿಂದ ಬರುತ್ತದೆ, ಆದರೆ ಬೆಕ್ಕಿನಿಂದಲೂ ಬರಬಹುದು. ಆಸ್ಪತ್ರೆಯ ಗೋಡೆಯ ಮೇಲೆ ಬರೆದಿದ್ದ ಇದನ್ನು ಅಬ್ಬಾ ನನಗೆ ಫೋನ್ ಮಾಡಿ ಓದಿಸಿಕೊಂಡರು, ಏಕೆಂದರೆ ಅವರಿಗೆ ಕನ್ನಡ ಓದಲು ಬರುವುದಿಲ್ಲ. ಫೋಟೋ ಕಳಿಸಿದರು, ನಾನು ಉರ್ದುವಿನಲ್ಲಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಮ್ಲಿಯ ತಾರೀಕು ಯಾವತ್ತು?" ಎಂದರು.

ನಾನು ಕಾಮರ್ಸ್ ವಿದ್ಯಾರ್ಥಿನಿ, ಹಾಗಾಗಿ ಲೆಕ್ಕ ಇಟ್ಟಿದ್ದೇನೆ. ಇಮ್ಲಿಯದು: ಮೂರು ಲಸಿಕೆ ತಲಾ 720ರಂತೆ 2,160, ರೇಬೀಸ್ 150, ಜಂತುಹುಳದ ಔಷಧಿ 85, ಆಟೋ 180, ಚೀಟಿ 30. ಒಟ್ಟು 2,605 ರೂಪಾಯಿ. ಮುಂದಿನ ಡೋಸಿನ ಖರ್ಚನ್ನೂ ಸೇರಿಸಿದ್ದೇನೆ. ಮೋತಿಯ ಕೊನೆಯ ಮೂರು ದಿನಕ್ಕೆ ಡ್ರಿಪ್, ಔಷಧಿ, ಫೀಸು, ರಾತ್ರಿ ಆಟೋ ಸೇರಿ 2,350 ರೂಪಾಯಿ ಆಗಿತ್ತು. ಲಸಿಕೆ ಹಾಕಿಸಿದರೆ ದುಡ್ಡು ಉಳಿಯುತ್ತದೆ ಎಂದು ಅಬ್ಬಾಗೆ ತೋರಿಸಬೇಕೆಂದು ಎರಡು ಕಾಲಂ ಹಾಕಿದ್ದೆ. ಕೂಡಿಸಿ ನೋಡಿದರೆ ಲಸಿಕೆಯದೇ 255 ರೂಪಾಯಿ ಜಾಸ್ತಿ. ನಾನು ನಾಚಿಕೊಂಡು ಪುಸ್ತಕ ಮುಚ್ಚಲು ಹೋದೆ. ಅಬ್ಬಾ ತಡೆದರು. "ಇದರಲ್ಲಿ ಬೆಕ್ಕು ಇದೆ" ಎಂದು ಒಂದು ಕಾಲಂ ಮೇಲೆ ಬೆರಳಿಟ್ಟರು. "ಅದರಲ್ಲಿ ಇಲ್ಲ" ಎಂದು ಇನ್ನೊಂದನ್ನು ತೋರಿಸಿದರು. ನಮ್ಮ ಲೆಕ್ಕಶಾಸ್ತ್ರದ ಸರ್ ಬರಬಹುದಾದ ನಷ್ಟಕ್ಕೆ ಮೊದಲೇ ಹಣ ತೆಗೆದಿಡಬೇಕು ಎಂದು ಬೋರ್ಡಿನ ಮೇಲೆ ಬರೆಸಿದ ದಿನ ನನಗೆ ಅದು ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಮಾತ್ರ ಆಗಿತ್ತು.

ಇಮ್ಲಿ ಈಗ ನಮ್ಮ ಮನೆಯಲ್ಲಿದೆ. ಕೊನೆಯ ಡೋಸ್ ಆಗುವವರೆಗೂ ಒಳಗೇ ಇರಬೇಕು. ಅಬ್ಬಾ ಭಟ್ಟಿಯಿಂದ ಬಂದರೆ ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು, ಕೈಕಾಲು ತೊಳೆದು, ಅಂಗಿ ಬದಲಿಸಿ ಆಮೇಲೆ ಅದನ್ನು ಎತ್ತಿಕೊಳ್ಳುತ್ತಾರೆ. ಯಾರೂ ಹೇಳಬೇಕಾಗಿಲ್ಲ. ದಾದಿ ಈಗಲೂ "ಬಿಲ್ಲಿಕು ಟೀಕಾ" ಎಂದು ನಗುತ್ತಾರೆ, ಆದರೆ ಕಾರ್ಡು ಇಟ್ಟಿರುವುದು ಅವರ ಪೆಟ್ಟಿಗೆಯಲ್ಲಿ.

ನಿಮ್ಮ ಮನೆಗೂ ಒಂದು ಮರಿ ಬಂದಿದ್ದರೆ ಅದಕ್ಕೆ ಎಷ್ಟು ವಾರ ಎಂದು ಎಣಿಸಿ. ಎಂಟು ದಾಟಿದ್ದರೆ ಈ ವಾರವೇ ಪಶು ಆಸ್ಪತ್ರೆಗೆ ಹೋಗಿ. ಮುಂದಿನ ತಿಂಗಳು ಎಂದು ಹೇಳಬೇಡಿ, ನಾನು ಹೇಳಿದ್ದೆ.

ಕಾರ್ಡಿನಲ್ಲಿ ಒಂದು ಸಾಲು ಇನ್ನೂ ಖಾಲಿ ಇದೆ. ತಾರೀಕು ಮುಂದಿನ ಶನಿವಾರ. ಅಂದೇ ಬೆಳಿಗ್ಗೆ ನಮಗೆ ಪೂರ್ವಸಿದ್ಧತಾ ಪರೀಕ್ಷೆ ಇದೆ. ಮುಗಿಸಿಕೊಂಡು ನಾನು ಕಾಲೇಜಿನಿಂದ ನೇರವಾಗಿ ಆಸ್ಪತ್ರೆಗೆ ಹೋಗುತ್ತೇನೆ. ಅಬ್ಬಾ ಅರ್ಧ ದಿನ ರಜೆ ಹಾಕಿ ಇಮ್ಲಿಯನ್ನು ಅಲ್ಲಿಗೆ ತರುತ್ತಾರೆ, ಫ್ಲಾಸ್ಕಿನಲ್ಲಿ ಐಸ್ ಹಾಕಿಕೊಂಡು.